ನೀರು ಕೇಳುವ ನರಸಮ್ಮ

ನನಗೆ ಹುಟ್ಟಿನಿಂದ ಬಂದ ಒಂದು ಗುಣವಿದೆ. ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ತಿಳಿಯದಿದ್ದರೆ ನನಗೆ ಸಮಾಧಾನವಿಲ್ಲ. "ನಿನ್ನ ಮೂಗಿಗೆ ಮೂಗುದಾರ ಹಾಕ್ಬೇಕು ಕಣೇ ಗಿರಿಜಾ" ಎಂದು ನಮ್ಮಮ್ಮ ಬೈಯುತ್ತಿದ್ದಳು. ಮೂಗುದಾರ ಬೀಳಲಿಲ್ಲ. ಸರ್ಕಾರವೇ ಆ ಮೂಗಿಗೆ ಸಂಬಳ ಕೊಟ್ಟು ಮನೆಮನೆ ಸುತ್ತಲು ಕಳಿಸಿತು. ಆರೋಗ್ಯ ಸಹಾಯಕಿಯಾಗಿ ಸೇರಿ, ಮುಂದೆ ಸುತ್ತಲಿನ ಹಳ್ಳಿಗಳ ಸಹಾಯಕಿಯರ ಕೆಲಸ ನೋಡಿಕೊಳ್ಳುವ ಹಿರಿಯ ಸಹಾಯಕಿಯಾಗಿ, ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕುಗಳ ಧೂಳು ಕುಡಿದು ನಿವೃತ್ತಳಾದೆ.

ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಕಾಫಿ ಲೋಟ ಹಿಡಿದುಕೊಂಡು, "ಮೇಡಂ, ಒಳ್ಳೆಯ ನರ್ಸ್ ಅನ್ನಿಸಿಕೊಳ್ಳೋಕೆ ಏನು ಮಾಡ್ಬೇಕು?" ಎಂದು ಕೇಳುತ್ತಾರೆ. ಮಾಡುವುದು ಹೇಗೋ ಕಲಿಯಬಹುದು. ಯಾರು ಒಳ್ಳೆಯವರು ಎಂದು ಕಂಡುಹಿಡಿಯುವುದಿದೆಯಲ್ಲ, ಅದರಲ್ಲಿ ನಾವೆಲ್ಲ ಒಮ್ಮೆ ಮುಗ್ಗರಿಸಿದ್ದೇವೆ. ಆ ಕಥೆಯನ್ನು ಬರೆಯಲೆಂದೇ ಈಗ ಕುಳಿತಿದ್ದೇನೆ. ಅದಕ್ಕೆ ಮೊದಲು ಒಂದು ಹೆಸರಿನ ವಿಷಯ ಹೇಳಬೇಕು.

ನನ್ನ ಮೊದಲ ಊರು ನಂಜನಗೂಡು ತಾಲ್ಲೂಕಿನ ಹೆಡತಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಿಳಿ ಸೀರೆಗೆ ಗಂಜಿ ಹಾಕಿ ಉಟ್ಟು, ಬ್ಯಾಗು ಹೆಗಲಿಗೇರಿಸಿ ಒಂದು ಮನೆಯ ಮುಂದೆ ನಿಂತೆ. ಜಗಲಿಯ ಮೇಲೆ ಕುಳಿತಿದ್ದ ಅಜ್ಜಿ, "ಬಾ ನರಸಮ್ಮ, ಕುಂತ್ಕೊ" ಎಂದಳು.

"ನನ್ನ ಹೆಸರು ಗಿರಿಜಾ ಅಜ್ಜಿ" ಎಂದೆ.

"ಇರ್ಲಿ ಬುಡವ್ವ ನರಸಮ್ಮ. ಎಸ್ರು ಕಟ್ಕಂಡು ಏನಾಗ್ಬೇಕು, ಕುಂತ್ಕೊ."

ನರ್ಸು, ಅದಕ್ಕೊಂದು ಅಮ್ಮ, ನರ್ಸಮ್ಮ. ಊರವರ ಬಾಯಲ್ಲಿ ಅದು ನರಸಮ್ಮ. ನಮ್ಮ ಸೀಮೆಯಲ್ಲಿ ನರಸಿಂಹನ ಒಕ್ಕಲು ಬೇಕಾದಷ್ಟಿರುವುದರಿಂದ ಹುಟ್ಟಾ ನರಸಮ್ಮಂದಿರಿಗೂ ಬರವಿಲ್ಲ. ಹಾಗಾಗಿ ಆ ಹೆಸರು ಯಾರ ಕಿವಿಗೂ ವಿಚಿತ್ರವೆನಿಸುವುದಿಲ್ಲ. ಒಮ್ಮೆ ನಾನು ಹೆರಿಗೆ ಮಾಡಿಸಿದ ಹೆಣ್ಣುಮಗುವಿಗೆ ನನ್ನ ಹೆಸರನ್ನೇ ಇಡುತ್ತಿದ್ದೇವೆ ಎಂದು ಹೇಳಿ ಕರೆಸಿ ತೊಟ್ಟಿಲು ತೂಗಿಸಿದರು. ಹಿಗ್ಗಿಕೊಂಡು ಹೋದೆ. ಮಗುವಿನ ಹೆಸರು ನರಸಮ್ಮ. ಆ ಗಿರಿಜಾ ಯಾರೆಂದು ಆ ಮನೆಗೆ ಇವತ್ತಿಗೂ ಗೊತ್ತಿಲ್ಲ.

ಆಗಿನ ಕೆಲಸ ಹೇಗಿತ್ತೆಂದರೆ, ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಕುದಿಸಿಕೊಂಡೇ ಹೊರಡಬೇಕು. ಕೂಸನ್ನು ಜೋಳಿಗೆಯಲ್ಲಿ ಕೂರಿಸಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರೆ ಅದರ ಅಜ್ಜಿ, "ಮಗೀನ ಮೆಣಸಿನ್ಕಾಯಿ ತೂಗ್ದಂಗೆ ತೂಗ್ಬೇಡ, ದೃಷ್ಟಿ ಆಯ್ತದೆ" ಎಂದು ಜಗಳಕ್ಕೆ ಬರುತ್ತಿದ್ದಳು. ಎಲ್ಲವನ್ನೂ ಸುಧಾರಿಸಿಕೊಂಡು ತಿಂಗಳ ಮೀಟಿಂಗಿಗೆ ಹೋದರೆ ಅಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಕೇಸ್ ಎಷ್ಟಾಯ್ತು?" ಕೇಸ್ ಎಂದರೆ ಸಂತಾನಹರಣ ಚಿಕಿತ್ಸೆಗೆ ಒಪ್ಪಿಸಿ ಕರೆತಂದ ಹೆಂಗಸರು. ಟಾರ್ಗೆಟ್ ಮುಟ್ಟಿದವಳಿಗೆ ಶಾಲು, ಮುಟ್ಟದವಳಿಗೆ ಮಂಗಳಾರತಿ. ಕರುಣೆಯ ಮಾತು ಅಲ್ಲಿ ಬರುತ್ತಿರಲಿಲ್ಲ.

ಒಮ್ಮೆ ಮಾತ್ರ ಬಂತು, ಬಂದು ಕೆಟ್ಟಿತು. ತಾಂಡವಪುರದಲ್ಲಿ ಒಬ್ಬ ಹಿರಿಯ ಅಧಿಕಾರಿ ಹೆಂಗಸರನ್ನೆಲ್ಲ ಸೇರಿಸಿ, "ನಿಮ್ಮ ಸಿಸ್ಟರ್ ನಿಮ್ಮನ್ನ ಹೇಗೆ ನೋಡ್ಕೋತಾರಮ್ಮ?" ಎಂದು ಕೇಳಿದರು. ಒಬ್ಬಳು ಎದ್ದು ನಿಂತು ಖುಷಿಯಾಗಿ, "ಬೈತರೆ ಸಾ" ಎಂದಳು. ಸಾಹೇಬರ ಮುಖ ಕಪ್ಪಿಟ್ಟಿತು. ಸಿಸ್ಟರ್ ಕಣ್ಣಲ್ಲಿ ನೀರು. ಹೇಳಿದವಳಿಗೆ ಗಾಬರಿಯಾಗಿ, "ಅಯ್ಯೋ ಅಂಗಲ್ಲ ಸಾ, ನಮ್ಮವ್ವ ಬೈದಂಗೆ ಬೈತರೆ. ಬೈಯ್ಯೋರ್ ಇಲ್ದಿದ್ರೆ ನಾವು ಆ ಕಬ್ಬಿಣದ್ ಮಾತ್ರೆನೆಲ್ಲ ತಿಪ್ಪೆಗೆಸೀತಿರ್ಲಿಲ್ವಾ?" ಎಂದಳು. ಅಷ್ಟರಲ್ಲಿ ಸಾಹೇಬರು ಜೀಪು ಹತ್ತಿಯಾಗಿತ್ತು. ಜನರ ಮಾತಿನಲ್ಲಿ ಹೊಗಳಿಕೆ ಯಾವ ವೇಷದಲ್ಲಿ ಬರುತ್ತದೆ ಎಂದು ನಾನು ಯೋಚಿಸತೊಡಗಿದ್ದು ಆ ದಿನದಿಂದ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟಾರ್ಗೆಟ್ ತೆಗೆದುಹಾಕಿದರು. ನಾನು ಟಿ. ನರಸೀಪುರ ತಾಲ್ಲೂಕಿಗೆ ಬಂದಿದ್ದೆ. ಅಲ್ಲಿಗೆ ಹೊಸದಾಗಿ ಬಂದ ಡಾಕ್ಟರು ಹುಬ್ಬಳ್ಳಿ ಕಡೆಯವರು. ಇನ್ನೂ ಸಣ್ಣ ವಯಸ್ಸು, ಒಳ್ಳೆಯ ಮನುಷ್ಯ, ಗಡಸು ದನಿ. ಮೊದಲ ಮೀಟಿಂಗಿನಲ್ಲೇ ಮೇಜು ಕುಟ್ಟಿ, "ಇಷ್ಟು ದಿನ ಕೇಸ ಎಣಿಸಿದ್ದು ಸಾಕ್ರೀ. ಈ ವರ್ಷ ಕರುಳಿದ್ದಾಕಿನ್ನ ಹುಡುಕಿ ಸನ್ಮಾನ ಮಾಡೂಣು" ಎಂದರು. ನಾವು ಮುಖಮುಖ ನೋಡಿಕೊಂಡೆವು. ಕರುಳನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಅವರು ನಮ್ಮನ್ನು ಕೇಳುವುದಕ್ಕೇ ಹೋಗಲಿಲ್ಲ. ಜೀಪು ಹತ್ತಿ ತಾವೇ ಹಳ್ಳಿ ಹಳ್ಳಿ ಸುತ್ತಿ, ಬಾವಿ ಕಟ್ಟೆ, ನಲ್ಲಿ ಮುಂದೆ, ಅಂಗನವಾಡಿ ಬಾಗಿಲಲ್ಲಿ ಸಿಕ್ಕ ಹೆಂಗಸರನ್ನೆಲ್ಲ ವಿಚಾರಿಸಿದರು.

ಮುಂದಿನ ಮೀಟಿಂಗಿಗೆ ಅವರು ಬಂದದ್ದೇ ನಗುನಗುತ್ತಾ. "ಸಿಕ್ಕಳ್ರೀ. ಎಲ್ಲಾ ಊರಾಗೂ ಒಂದೇ ಹೆಸರು. ಹಿಂತಾಕಿ ನಮ್ಮ ತಾಲ್ಲೂಕಿನ್ಯಾಗ ಅದಾಳಂತ ನಿಮಗ್ಯಾರಿಗೂ ಗೊತ್ತಿಲ್ಲೇನು? ನರಸಮ್ಮ ಯಾರ್ರೀ, ಎದ್ದು ನಿಂದರ್ರಿ."

ಯಾರೂ ಏಳಲಿಲ್ಲ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಕೇಳಿಸಿತು. ಆಗ ಬಾಗಿಲ ಬಳಿ ಟೀ ತಟ್ಟೆ ಹಿಡಿದು ನಿಂತಿದ್ದ ನಮ್ಮ ಆಯಾ ಎರಡು ಹೆಜ್ಜೆ ಮುಂದೆ ಬಂದಳು. ಇಡೀ ಸಭೆಯಲ್ಲಿ ಆ ಹೆಸರಿನವಳು ಅವಳೊಬ್ಬಳೇ. "ನಾನೇ ಸಾ ನರಸಮ್ಮ. ನಾನೇನ್ ಮಾಡ್ದೆ ಸಾ?" ಎಂದಳು. ಅವಳಿಗೆ ಅದು ಸನ್ಮಾನದ ಮಾತೆಂದು ಗೊತ್ತಿಲ್ಲ, ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು.

ನಾನು ಎದ್ದು ವಿಷಯ ಬಿಡಿಸಿ ಹೇಳಿದೆ. ಡಾಕ್ಟರು ಮೊದಲು ನಂಬಲಿಲ್ಲ. ಆಮೇಲೆ ತಲೆ ಮೇಲೆ ಕೈ ಹೊತ್ತು, "ನಮ್ಮ ಕಡೆ ನರ್ಸಬಾಯಿ ಅಂತಾರ್ರೀ. ನಾ ಏನೋ ದೊಡ್ಡ ಪುಣ್ಯಾತಗಿತ್ತಿ ಹೆಸರು ಅನ್ಕೊಂಡೆ" ಎಂದು ತಾವೇ ನಕ್ಕುಬಿಟ್ಟರು. ಮೀಟಿಂಗ್ ಮುಗಿದ ಮೇಲೆ ನನ್ನನ್ನು ಕರೆದು, "ನೀವು ಈ ಕಡೆಯವರು. ಜನ ಯಾವ ನರಸಮ್ಮನ್ನ ಹೇಳಾಕತ್ತಾರ, ನೀವ ಹುಡುಕಿ ಕೊಡ್ರಿ" ಎಂದರು. ಹೋಗುವಾಗ ಇನ್ನೊಂದು ಕೆಲಸವನ್ನೂ ಹೊರಿಸಿದರು. "ಆ ಚಿಕ್ಕತಾಯಮ್ಮನ ಮ್ಯಾಲ ಒಂದು ದೂರು ಬಂದೈತಿ. ಅದನ್ನೂ ನೋಡ್ರಿ. ಖರೆ ಇದ್ರ ಅಕಿನ್ನ ಇಲ್ಲಿಂದ ಎಬ್ಬಿಸಬೇಕಾಗ್ತದ."

ಚಿಕ್ಕತಾಯಮ್ಮ ಸೋಸಲೆಯ ಆಚೆ ಒಂದು ಹಳ್ಳಿಯ ಸಬ್ ಸೆಂಟರಿನ ಸಹಾಯಕಿ. ಎತ್ತರದ ಹೆಂಗಸು, ಮಾತು ಕಡಿಮೆ, ಹೆಜ್ಜೆ ದೊಡ್ಡದು. ಅವಳ ಜೊತೆ ನಡೆದರೆ ನನಗೆ ಏದುಸಿರು. ಟಾರ್ಗೆಟ್ ಕಾಲದಲ್ಲಿ ಪ್ರತಿ ಸಲವೂ ಮಂಗಳಾರತಿ ಎತ್ತಿಸಿಕೊಂಡವಳು. ಈಗ ಅವಳ ಮೇಲೆ ದೂರು ಹೇಳಿದ್ದು ಆ ಊರಿನ ಪಂಚಾಯ್ತಿ ಮೆಂಬರ್ ಮಾದೇಶ. ದೂರು ಏನೆಂದರೆ, ಆಕೆ ಕೆಲಸ ಮಾಡುವುದಿಲ್ಲ, ಮನೆಮನೆಗೆ ಹೋಗಿ ನೀರು ಕುಡಿದುಕೊಂಡು ಕೂರುತ್ತಾಳೆ. ವಿಷಯ ತಿಳಿಸಿದಾಗ ಚಿಕ್ಕತಾಯಮ್ಮ ಬ್ಯಾಗಿನ ಬಾಯಿ ಕಟ್ಟಿದಳು. ಆಮೇಲೆ, "ವರ್ಗ ಮಾಡ್ಲಿ ಮೇಡಂ, ಎಲ್ಲಾದ್ರೂ ಹೆರಿಗೆ ಇದ್ದೇ ಇರುತ್ತೆ. ಆದ್ರೆ ನಾನು ಹಿಡಿದ ಮಕ್ಕಳು ಇಲ್ಲಿ ಸ್ಕೂಲಿಗೆ ಹೋಗ್ತಿವೆ. ಸೋಮಾರಿ ಅನ್ನಿಸ್ಕೊಂಡು ಅವುಗಳ ಎದುರಿಗೆ ಗಂಟುಮೂಟೆ ಕಟ್ಟಬೇಕಲ್ಲ" ಎಂದಳು.

ಸರಿ, ಹುಡುಕಾಟ ಶುರುವಾಯಿತು. ಡಾಕ್ಟರ ಹಾಗೆ "ಯಾರು ಒಳ್ಳೆಯವರು" ಎಂದು ಕೇಳಿ ಕೆಡುವುದು ಬೇಡ ಎಂದುಕೊಂಡು, "ಯಾವ ನರಸಮ್ಮ?" ಎಂದಷ್ಟೇ ಕೇಳುತ್ತಾ ಹೋದೆ. ಒಂದೊಂದು ಊರಲ್ಲಿ ಒಂದೊಂದು ಗುರುತು ಸಿಕ್ಕಿತು. ಸೈಕಲ್ ನರಸಮ್ಮ, ಕನ್ನಡಕದ ನರಸಮ್ಮ, ಬೈಯ್ಯೋ ನರಸಮ್ಮ. ಆದರೆ ಸೋಸಲೆ ಆಚೆಯ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ನೀರ್ ಕೇಳೋ ನರಸಮ್ಮ." ಆ ಹಳ್ಳಿಗಳಿಗೆಲ್ಲ ನರ್ಸು ಚಿಕ್ಕತಾಯಮ್ಮ. ದೂರಿನಲ್ಲೂ ನೀರು, ಹೊಗಳಿಕೆಯಲ್ಲೂ ನೀರು. ನನ್ನ ಮೂಗು ಚುರುಕಾಯಿತು.

ಮೊದಲ ಉತ್ತರ ಕೊಟ್ಟವಳು ಕೇರಿಯ ಸಣ್ಣಮ್ಮ. ಗೋಡೆಯಲ್ಲಿ ಬುದ್ಧನ ಪಟ, ಅಚ್ಚುಕಟ್ಟಾದ ಸಣ್ಣ ಮನೆ. ಮಗಳ ಬಾಣಂತನ ಮಾಡುತ್ತಿದ್ದಳು. "ಯಾಕವ್ವ ಅಂಗಂತೀರಿ?" ಎಂದು ಕೇಳಿದೆ.

"ನೀವೇ ನೋಡಿ. ನಮ್ಮ ಬೀದಿಗೆ ಸರ್ಕಾರದೋರು ಎಷ್ಟ್ ಜನ ಬಂದ್ ಓಗಿಲ್ಲ. ಎಲ್ರೂ ಬಾಗ್ಲಲ್ಲೇ ನಿಂತು ಮಾತಾಡಿ ಓಯ್ತರೆ. ನಮ್ಮನೇಲಿ ಬಾಯ್ಬುಟ್ಟು ನೀರ್ ಕೇಳ್ದೋರು ಯಾರವ್ವ? ಅವ್ರೊಬ್ರೇ. ಒಳಗ್ ಬಂದು, ಚಾಪೆ ಮೇಲ್ ಕುಂತ್ಕಂಡು, 'ಸಣ್ಣಮ್ಮ ನೀರ್ ಕೊಡು' ಅಂತರೆ."

ನನ್ನ ಎದೆ ತುಂಬಿತು. ಸಿಕ್ಕಿತು, ಮುಗಿಯಿತು, ಇದಕ್ಕಿಂತ ಸನ್ಮಾನಕ್ಕೆ ಬೇರೆ ಕಾರಣ ಬೇಕೇ ಎಂದುಕೊಂಡು ಹೊರಟೆ. ಹೊರಟವಳು ಸುಮ್ಮನೆ ಬಸ್ಸು ಹತ್ತಬೇಕಿತ್ತು. ಮೇಲಿನ ಬೀದಿಯಲ್ಲೂ ಒಂದು ಮಾತು ಕೇಳೋಣವೆಂದು ಹೋದೆ. ಅದು ಶಿವಾಚಾರದ, ಎಂದರೆ ಲಿಂಗಾಯತ ಒಕ್ಕಲುಗಳ ಬೀದಿ. ಬಂದವರಿಗೆ ಬೇಡವೆಂದರೂ ನೀರು, ಮಜ್ಜಿಗೆ ತಂದಿಡುವ ಮನೆಗಳು. ಅಲ್ಲೂ ಅದೇ ಹೆಸರು, "ನೀರ್ ಕೇಳೋ ನರಸಮ್ಮ." ಹಾಗಾದರೆ ಸಣ್ಣಮ್ಮ ಹೇಳಿದ ಕಾರಣ ಅರ್ಧ ಮಾತ್ರ. ಇನ್ನರ್ಧ ಏನು?

ವಿಚಾರಿಸಿದಷ್ಟೂ ಗೋಜಲಾಯಿತು. ಆಕೆಗೆ ಕಾಸಿದ ನೀರೇ ಆಗಬೇಕಂತೆ, ಗಂಟಲು ಸೂಕ್ಷ್ಮವಂತೆ. ಆದರೆ ಮೀಟಿಂಗಿಗೆ ಬಂದಾಗಲೆಲ್ಲ ಮೂಲೆಯ ಮಣ್ಣಿನ ಮಡಕೆಯಿಂದ ತಣ್ಣೀರು ಬಗ್ಗಿಸಿ ಗಟಗಟ ಕುಡಿಯುವುದನ್ನು ನಾನೇ ಕಂಡಿದ್ದೆ. ಎಲ್ಲ ಮನೆಯಲ್ಲೂ ಕೇಳುವುದಿಲ್ಲವಂತೆ, ಹೊಸ ಕೂಸಿರುವ ಮನೆಯಲ್ಲಿ ಮಾತ್ರವಂತೆ. ಇದೆಂಥ ಬಾಯಾರಿಕೆ? ಸಕ್ಕರೆ ಕಾಯಿಲೆಯೇನಾದರೂ ಇರಬಹುದೇ ಎಂದು ಅನುಮಾನ ಬಂತು. ಬಿಡದೆ ಕರೆಸಿ ಮೂತ್ರ ಪರೀಕ್ಷೆ ಮಾಡಿಸಿದೆ. ಆಗ ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ ದೀಪದ ಮೇಲೆ ಕಾಯಿಸುವ ಕ್ರಮ. ಸಕ್ಕರೆ ಇದ್ದರೆ ಬಣ್ಣ ತಿರುಗುತ್ತದೆ. ನೀಲಿ ನೀಲಿಯಾಗಿಯೇ ಉಳಿಯಿತು. ಚಿಕ್ಕತಾಯಮ್ಮ ಮೊದಲ ಸಲ ನನ್ನ ಮುಂದೆ ನಕ್ಕಳು. "ಮೇಡಂ, ನನ್ನ ಕಾಫಿಗೇ ಸಕ್ಕರೆ ಸಾಲದು, ಇನ್ನು ಮೈಗೆಲ್ಲಿಂದ ಬರುತ್ತೆ" ಎಂದಳು. ನೀರು ಯಾಕೆ ಕೇಳುತ್ತಾಳೆಂಬುದನ್ನು ಮಾತ್ರ ಹೇಳಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವಂತೆ, ಒಂದು ದಿನ ಬೆಳಿಗ್ಗೆಯೇ ಹೋಗಿ ಅವಳ ಜೊತೆ ಮನೆ ಭೇಟಿಗೆ ಹೊರಟೆ. ಮೊದಲು ಸಿಕ್ಕಿದ್ದೇ ದೂರು ಹೇಳಿದ ಮೆಂಬರ್ ಮಾದೇಶನ ಮನೆ. ಅವನ ಹೆಂಡತಿ ಮಂಜುಳಾಗೆ ಎರಡನೇ ಹೆರಿಗೆಯಾಗಿತ್ತು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಅತ್ತೆಯ ಕೈಯಲ್ಲೇ. ಅತ್ತೆ ಗೌರಮ್ಮಣ್ಣಿ, ಊರಿನ ಬಾಣಂತನಗಳಿಗೆಲ್ಲ ಕಾನೂನು ಹೇಳುವ ಮುದುಕಿ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಗದರಿಕೆ.

ಕತ್ತಲೆ ಕೋಣೆ, ಹಗ್ಗದ ಮಂಚ, ಮಂಚದ ಕೆಳಗೆ ಕೆಂಡ, ಸಾಂಬ್ರಾಣಿ ಹೊಗೆ. ಮಂಜುಳಾ ತಲೆಗೆ ಬಟ್ಟೆ ಕಟ್ಟಿಕೊಂಡು ಬೆವರುತ್ತಾ ಕುಳಿತಿದ್ದಳು. ತುಟಿ ಒಡೆದಿತ್ತು. ನಮ್ಮ ಕಡೆ ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ ಎಲ್ಲ ಧಾರಾಳ. ನೀರು ಮಾತ್ರ ಗುಟುಕು ಲೆಕ್ಕ. ಬಾಣಂತಿ ನೀರು ಕುಡಿದರೆ ನಂಜಾಗುತ್ತದೆ, ಹೊಟ್ಟೆ ಬರುತ್ತದೆ, ಕೂಸಿಗೆ ಶೀತ ಎಂದು ಅತ್ತೆಯರೂ ತಾಯಂದಿರೂ ಒಂದೇ ಸಮ ನಂಬಿದ್ದರು. ಹಾಲೂಡುವ ಹೆಂಗಸಿಗೆ ನೀರು ಬೇಕೆಂದು ನಾವು ಸಾವಿರ ಸಲ ಭಾಷಣ ಮಾಡಿದ್ದೆವು. ಎಲ್ಲರೂ ತಲೆಯಾಡಿಸುತ್ತಿದ್ದರು, ಆಮೇಲೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಚಿಕ್ಕತಾಯಮ್ಮ ಕೂಸನ್ನು ನೋಡಿದಳು, ಬಾಣಂತಿಯ ಹೊಟ್ಟೆ ಒತ್ತಿ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಮ್ಮಣ್ಣಿಯೋರೆ, ನಡೆದು ನಡೆದು ಬಾಯಿ ಒಣಗಿದೆ. ಕಾಸಿದ ನೀರಿದ್ರೆ ಕೊಡಿ" ಎಂದಳು.

"ನಿಂಗೂ ನಿನ್ ಗಂಟ್ಲಿಗೂ ಏನ್ ಬಂದದೋ" ಎಂದು ಗೊಣಗಿಕೊಂಡು ಗೌರಮ್ಮಣ್ಣಿ ಒಳಗೆ ಹೋಗಿ ಒಂದು ದೊಡ್ಡ ಚೊಂಬು ತಂದಿಟ್ಟಳು. "ಅಸ ಒದರ್ತಾ ಅದೆ, ನೋಡ್ಕಂಡ್ ಬತ್ತೀನಿ" ಎಂದು ಹಸು ನೋಡಲು ಹಿತ್ತಿಲಿಗೆ ಹೊರಟುಹೋದಳು. ಅವಳ ಬೆನ್ನು ತಿರುಗಿದ್ದೇ ತಡ, ಚಿಕ್ಕತಾಯಮ್ಮ ಚೊಂಬನ್ನು ಮಂಜುಳಾಳ ಕೈಗಿತ್ತಳು. ಆ ಹುಡುಗಿ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕುಡಿದಳು. "ಮೆಲ್ಲಗೆ ಕಣವ್ವ, ನೆತ್ತಿಗತ್ತುತ್ತೆ" ಎಂದು ಚಿಕ್ಕತಾಯಮ್ಮ ಅವಳ ಬೆನ್ನು ಸವರುತ್ತಿದ್ದಳು. ನನ್ನ ಇಷ್ಟು ವರ್ಷದ ಭಾಷಣಗಳೆಲ್ಲ ಆ ಚೊಂಬಿನ ಮುಂದೆ ಒಣಗಿಹೋದವು.

ಚೊಂಬು ಖಾಲಿಯಾದ ಮೇಲೆ ಮಂಜುಳಾಳ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಸೆರಗು ಹಿಡಿದು, "ಮೇಡಂ, ಅತ್ತೆಗೆ ಹೇಳ್ಬೇಡಿ. ಗೊತ್ತಾದ್ರೆ ಇವ್ರನ್ನೂ ಒಳಗ್ ಬುಡಲ್ಲ" ಎಂದಳು. ಆಣೆ ಹಾಕಿಸಿಕೊಂಡೇ ಬಿಟ್ಟಳು.

ದಾರಿಯಲ್ಲಿ ಚಿಕ್ಕತಾಯಮ್ಮನನ್ನು ನಿಲ್ಲಿಸಿ ಕೇಳಿದೆ. "ಎದುರಿಗೇ ವಾದ ಮಾಡಬಹುದಿತ್ತಲ್ಲ?"

"ಮಾಡಿದ್ದೆ ಮೇಡಂ, ಬಂದ ಹೊಸತರಲ್ಲಿ. ವಾದದಲ್ಲಿ ನಾನು ಗೆದ್ದೆ, ಬಾಣಂತಿಗೆ ನೀರು ಸಿಗ್ಲಿಲ್ಲ. ಮನೆಗೆ ಬಂದೋಳು ನೀರು ಕೇಳಿದ್ರೆ ಇಲ್ಲ ಅನ್ನೋ ಮನೆ ಈ ಸೀಮೇಲಿ ಇದೆಯಾ? ಅದಕ್ಕೇ ಹಿಂಗೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೊರಗೆ ತೋರಿಸದೆ ಮನಸ್ಸಿನಲ್ಲೇ ಭಲೇ ಎಂದೆ. ಥಟ್ಟನೆ ನೆನಪಾಗಿ, "ಸಣ್ಣಮ್ಮನ ಮನೆಯಲ್ಲಿ? ಅಲ್ಲೂ ನೀನು ಕುಡಿಯುವುದಿಲ್ಲವೇ?" ಎಂದು ಕೇಳಿದೆ. ಆ ಪ್ರಶ್ನೆ ಕೇಳುವಾಗ ನನಗೆ ಭಯವಾಗಿತ್ತು. ಸಣ್ಣಮ್ಮನ ಮುಖ ಕಣ್ಣ ಮುಂದಿತ್ತು.

"ಆ ಬೀದಿಯಲ್ಲಿ ಎರಡು ಲೋಟ ಕೇಳ್ತೀನಿ ಮೇಡಂ" ಎಂದಳು ಚಿಕ್ಕತಾಯಮ್ಮ. "ಒಂದನ್ನ ಅವರ ಎದುರಿಗೇ ಕುಡೀಬೇಕು."

ಯಾವ ತರಬೇತಿಯಲ್ಲೂ ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಆ ದಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಕುಳಿತವಳಿಗೆ ಟಿ. ನರಸೀಪುರ ಬಂದದ್ದೇ ತಿಳಿಯಲಿಲ್ಲ.

ನರಸಮ್ಮ ಸಿಕ್ಕಿದ್ದಳು. ಆದರೆ ಈಗ ನಾನು ಅಡಕತ್ತರಿಯಲ್ಲಿ ಸಿಕ್ಕಿದ್ದೆ. ಕಾರಣ ಹೇಳಿದರೆ ಊರೂರಿಗೆ ತಿಳಿಯುತ್ತದೆ, ಮರುದಿನದಿಂದ ಚಿಕ್ಕತಾಯಮ್ಮನಿಗೆ ಅತ್ತೆಯರು ಎದುರಿಗೇ ನಿಂತು ನೀರು ಕುಡಿಸುತ್ತಾರೆ, ಬಾಣಂತಿಯರು ಒಣಗುತ್ತಾರೆ. ಹೇಳದಿದ್ದರೆ ಮಾದೇಶನ ದೂರೇ ನಿಲ್ಲುತ್ತದೆ, ಸೋಮಾರಿ ಎಂಬ ಹೆಸರು ಹೊತ್ತು ಅವಳು ಹೋಗಬೇಕಾಗುತ್ತದೆ. ಡಾಕ್ಟರೊಬ್ಬರ ಕಿವಿಯಲ್ಲಾದರೂ ಹಾಕೋಣವೆಂದರೆ ಅವರದು ಗಂಟೆಯಂಥ ಗಂಟಲು, ಜೊತೆಗೆ ಜೀಪಿನ ಡ್ರೈವರ್ ಮಾದೇಶನ ಹತ್ತಿರದ ನೆಂಟ.

ನಾನು ಯೋಚಿಸುತ್ತಿರುವಾಗಲೇ ಡಾಕ್ಟರು ದೂರಿನ ವಿಚಾರಣೆಗೆಂದು ಊರಿಗೇ ಹೊರಟುಬಿಟ್ಟರು. ಮಾದೇಶನ ಮನೆಯ ಜಗಲಿಯ ಮೇಲೆ ಕುರ್ಚಿ ಹಾಕಿದರು. ಡಾಕ್ಟರು ಕುಳಿತರು, ಪಕ್ಕದಲ್ಲಿ ನಾನು. ಚಿಕ್ಕತಾಯಮ್ಮ ಕಂಬದ ಬಳಿ ನಿಂತಿದ್ದಳು. ಬಾಗಿಲ ಸಂದಿಯಲ್ಲಿ ಗೌರಮ್ಮಣ್ಣಿಯ ಸೀರೆಯ ಅಂಚು ಕಾಣುತ್ತಿತ್ತು.

"ಏನಿಲ್ಲ ಸಾ, ಮನೆಮನೆಗೂ ಓಗಿ ನೀರ್ ಕುಡ್ಕಂಡ್ ಕುಂತ್ಕತ್ತರೆ. ನಮ್ಮನೇಲೇ ನಾನೇ ನೋಡಿವ್ನಿ. ಬಂದಾಗೆಲ್ಲ ಒಂದ್ ಚೊಂಬು ನೀರು. ಇದ್ಕೂ ಸರ್ಕಾರ ಸಂಬ್ಳ ಕೊಡ್ಬೇಕಾ ಸಾ?" ಎಂದ ಮಾದೇಶ. ಅವನು ಕೆಟ್ಟವನಲ್ಲ. ಕಂಡದ್ದನ್ನೇ ಹೇಳುತ್ತಿದ್ದ.

"ಖರೇನವಾ?" ಎಂದರು ಡಾಕ್ಟರು ಚಿಕ್ಕತಾಯಮ್ಮನ ಕಡೆ ತಿರುಗಿ.

"ಹೌದು ಸಾರ್."

"ದಿನಾ? ಮನಿ ಮನಿಗೂ?"

"ಬಾಯಾರಿಕೆ ಆಗುತ್ತೆ ಸಾರ್." ಅಷ್ಟೇ. ಅವಳು ತಲೆ ಎತ್ತಲಿಲ್ಲ. ಬೇರೆ ಒಂದು ಮಾತು ಹೇಳಿದ್ದರೆ ಉಳಿಯುತ್ತಿದ್ದಳು, ಆ ಮಾತನ್ನು ನುಂಗಿಕೊಂಡು ನಿಂತಳು.

ಡಾಕ್ಟರ ಮುಖ ಗಂಟಾಯಿತು. "ಗಿರಿಜಮ್ಮಾರ, ನೀವೇನಂತೀರಿ?" ಎಂದರು. ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿದ್ದು ಕೇಳಿಸಿತು. ಮಂಜುಳಾ ಕಿವಿಗೊಟ್ಟು ಕುಳಿತಿದ್ದಳು ಎಂದು ಕಾಣುತ್ತದೆ. ನನ್ನ ನಾಲಿಗೆ ತುದಿಯವರೆಗೆ ಬಂದದ್ದು ಅಲ್ಲೇ ನಿಂತಿತು. ಜೀವಮಾನದಲ್ಲಿ ನನಗೆ ಮಾತು ಸಿಕ್ಕದೇ ಹೋದದ್ದು ಅದೊಂದೇ ಸಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಗೌರಮ್ಮಣ್ಣಿ ಹೊಸಿಲು ದಾಟಿ ಬಂದಳು. ಕೈಯಲ್ಲಿ ಅದೇ ದೊಡ್ಡ ಚೊಂಬು, ಮೇಲೆ ಆವಿ. ಡಾಕ್ಟರ ಕಡೆಗಾಗಲಿ ಮಗನ ಕಡೆಗಾಗಲಿ ನೋಡದೆ ನೇರವಾಗಿ ಕಂಬದ ಬಳಿ ಹೋದಳು.

"ಯಾಕೆ ಚಿಕ್ಕತಾಯಿ, ಇವತ್ತು ನೀರೇ ಕೇಳ್ನಿಲ್ಲ ನೀನು? ತಕೊ. ಕಾಸಿವ್ನಿ. ಇಲ್ ಬ್ಯಾಡ, ಒಳಿಕ್ಕೋಗಿ ಸೊಸೆ ಅತ್ರ ಕುಂತ್ಕಂಡ್ ಕುಡಿ. ಬಾಗ್ಲ ಮುಂದಕ್ಕೆಳ್ಕೊ."

ಚಿಕ್ಕತಾಯಮ್ಮ ಚೊಂಬು ಹಿಡಿದವಳು ಹಾಗೇ ನಿಂತಳು.

"ಓಗು ಅಂದ್ರೆ. ಆರೋಯ್ತದೆ" ಎಂದು ಮುದುಕಿ ಗದರಿದಳು. ಚಿಕ್ಕತಾಯಮ್ಮ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಗೌರಮ್ಮಣ್ಣಿ ಮಗನ ಕಡೆ ತಿರುಗಿ, "ಎಂಗುಸ್ರು ಕುಡ್ಯೋ ನೀರಿನ್ ಲೆಕ್ಕ ನಿಂಗ್ಯಾಕ್ಲಾ? ಮೆಂಬ್ರಾದ್ರೆ ರೋಡ್ ಮಾಡ್ಸು, ಓಗು" ಎಂದಳು. ಡಾಕ್ಟರು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಚಿಕ್ಕತಾಯಮ್ಮ ಹೊರಗೆ ಬಂದಳು. ಚೊಂಬು ಖಾಲಿ. ಅವಳ ಕಣ್ಣು ಒದ್ದೆಯಾಗಿತ್ತು, ತುಟಿ ಒಣಗಿಯೇ ಇತ್ತು. ಡಾಕ್ಟರು ಅದನ್ನು ಗಮನಿಸಿದರು.

ಜೀಪು ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, ಮೊದಲ ಸಲ ಸಣ್ಣ ದನಿಯಲ್ಲಿ, "ನಮ್ಮ ಅಕ್ಕನ ಬಾಣಂತನದಾಗ ನಮ್ಮವ್ವನೂ ನೀರು ಕೊಡ್ತಿರಲಿಲ್ರೀ. ನಾನು ಆಗ ಡಾಕ್ಟರಕಿ ಓದಾಕತ್ತಿದ್ದೆ. ಅವ್ವನ ಜೋಡಿ ಜಗಳಾಡೇ ಕಾಲ ಕಳದೆ" ಎಂದರು. ಆಮೇಲೆ ಬೇರೇನೂ ಕೇಳಲಿಲ್ಲ. ವರ್ಗದ ಮಾತು ಅಲ್ಲಿಗೇ ನಿಂತಿತು.

ಆ ವರ್ಷದ ಸನ್ಮಾನ ಟಿ. ನರಸೀಪುರದಲ್ಲಿ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಶಾಲು, ಹಣ್ಣಿನ ತಟ್ಟೆ, ಗಂಧದ ಹಾರ. ಡಾಕ್ಟರು ಮೈಕ್ ಹಿಡಿದು, "ಊರ ಮಂದಿ ನರಸಮ್ಮ ಅಂತ ಕರಿಯೂ ಚಿಕ್ಕತಾಯಮ್ಮಾರು ಬರ್ರಿ. ಸನ್ಮಾನ ಯಾಕಂತ ಮಾತ್ರ ಯಾರೂ ಕೇಳಬ್ಯಾಡ್ರಿ" ಎಂದರು. ಹಳ್ಳಿಗಳಿಂದ ಬಂದಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸಣ್ಣಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಗಂಡಸರು ಏನೂ ಅರ್ಥವಾಗದೆ ಅವರನ್ನು ನೋಡಿ ತಾವೂ ತಟ್ಟಿದರು.

ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲಿ. ಮಂಚದ ಪಕ್ಕ ನೀರಿನ ಬಾಟಲಿ ಇರುತ್ತದೆ. ಆದರೂ ನನ್ನ ಮನೆಗೆ ಬರುವ ಹುಡುಗಿಯರಿಗೆ ಹೇಳುತ್ತೇನೆ, ಮನೆಗೆ ಹೋದ ಮೇಲೆ ಆ ಬಾಟಲಿ ಏನಾಯಿತು ಎಂದು ಒಂದು ಸಲ ಹೋಗಿ ನೋಡಿ ಬನ್ನಿ. ನಿಮಗೆ ಬಾಯಾರಿಕೆಯಾಗದಿದ್ದರೂ ಪರವಾಗಿಲ್ಲ.

ಆ ಸನ್ಮಾನದ ದಿನ ಸಭೆಯಲ್ಲಿ ಗೌರಮ್ಮಣ್ಣಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಅತ್ತೆಯ ಲೆಕ್ಕ ನನಗೆ ಬಗೆಹರಿದಿರಲಿಲ್ಲ. ತಡೆಯಲಾರದೆ ಅವಳ ಕಿವಿಯ ಹತ್ತಿರ ಬಗ್ಗಿ, "ಅಮ್ಮಣ್ಣಿಯೋರೆ, ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಮೊದಲ್ನೇ ದಿನವೇ ಗೊತ್ತಾಯ್ತು ಕಣವ್ವ. ಚೊಂಬು ಕಾಲಿ ಆಗಿತ್ತು, ಇವ್ಳ ತುಟಿ ನೆಂದಿರ್ನಿಲ್ಲ. ನಾನೇನ್ ಕುಲ್ಡೀನಾ?"

"ಮತ್ತೆ ಸುಮ್ಮನಿದ್ದಿರಲ್ಲ?"

"ನಾನ್ ಕೈಯಾರ ಕೊಟ್ಟು ನಂಜಾದ್ರೆ ಊರೆಲ್ಲ ನನ್ನೇ ಅಂತದೆ. ನಮ್ಮತ್ತೆ ಏಳ್ಕೊಟ್ಟಿದ್ನ ನಾನ್ ಎಂಗ್ ಮೀರ್ಲಿ? ಇವ್ಳು ಕೊಟ್ರೆ ಕೊಡ್ಲಿ ಅಂತ ದೊಡ್ ಚೊಂಬು ತತ್ತಿದ್ದೆ. ಅಸ ಒದರ್ದಿದ್ರೂ ಇತ್ಲಿಗ್ ಓಯ್ತಿದ್ದೆ."

ವೇದಿಕೆಯ ಮೇಲೆ ಚಿಕ್ಕತಾಯಮ್ಮನಿಗೆ ಹಾರ ಹಾಕುತ್ತಿದ್ದರು. ಮುದುಕಿ ಅದನ್ನೇ ನೋಡುತ್ತಾ, "ನಾನೂ ಅದೇ ಮೂಲೇಲಿ ಬಿದ್ದಿದ್ದೋಳು ಕಣವ್ವ. ಸಾಂಬ್ರಾಣಿ ಒಗೇಲಿ ನಾಲ್ಗೆ ಅಂಗ್ಳಿಗೆ ಅಂಟ್ಕತ್ತಿತ್ತು. ನಮ್ ಕಾಲ್ದಲ್ಲಿ ನೀರ್ ಕೇಳ್ಕಂಡು ಒಬ್ಳೂ ಬರ್ನಿಲ್ವಲ್ಲ" ಎಂದಳು.

ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ಕಣ್ಣು ಒರೆಸಿಕೊಂಡಳು.

"ಬಾಯಾರ್ತಾ ಅದೆ. ಒಂದ್ ಲೋಟ ನೀರ್ ತರ್ಸವ್ವ" ಎಂದಳು.

ಬಾಗಿಲ ಬಳಿ ನಿಂತಿದ್ದ ನಮ್ಮ ಆಯಾಗೆ ಸನ್ನೆ ಮಾಡಿದೆ. ಹುಟ್ಟಾ ನರಸಮ್ಮನೇ ಮಡಕೆಯಿಂದ ತುಂಬಿಸಿಕೊಂಡು ತಂದುಕೊಟ್ಟಳು. ಗೌರಮ್ಮಣ್ಣಿ ಅದನ್ನು ಕುಡಿದು, ಇನ್ನೊಂದು ಲೋಟ ಕೇಳಿದಳು.